ಬ್ಯೂಟ್ ಊರಲ್ಲಿ, ಏಪ್ರಿಲ್ ಹದಿನಾಲ್ಕು

ನಾಳೆ ರಾತ್ರಿಯೊಳಗೆ ಹೂಂ ಅನ್ನಬೇಕು, ಒಬ್ಬರಿಗೆ.
ಇನ್ನೊಬ್ಬರಿಗೆ ಒಲ್ಲೆನೆನ್ನುವ ಕಾಗದ
ಆಗಲೇ ಬರೆದಿಟ್ಟಿದ್ದೇನೆ, ಹೆಸರಿನ ಜಾಗ ಖಾಲಿ ಬಿಟ್ಟು.

ಮೋಟೆಲಿನ ಕಿಟಕಿಯಾಚೆ ಗುಡ್ಡದ ತುಂಬ
ಸತ್ತ ಗಣಿಗಳ ಕಬ್ಬಿಣದ ಗೋಪುರಗಳು.
ಅವಕ್ಕೆ ಕೆಂಪು ದೀಪ ಹಚ್ಚಿದ್ದಾರೆ.
ಹಟ್ಟಿಯಲ್ಲಿ ಇದಕ್ಕೆ ಹೆಡ್‌ಗೇರ್ ಅಂತಿದ್ದೆವು,
ಅಲ್ಲಿ ಗಾಲಿ ತಿರುಗುತ್ತಿತ್ತು.
ಏಪ್ರಿಲ್‌ನಲ್ಲೂ ಹಿಮ. ಎರಡು ವರ್ಷ ಟೂಸಾನ್‌ನ ಬಿಸಿಲಲ್ಲಿ
ಎಂ.ಎಸ್. ಮಾಡಿದವಳ ಬಟ್ಟೆಯ ಬೂಟು
ಹೀಟರಿನ ಮೇಲೆ ಒಣಗುತ್ತಿದೆ, ಬಾಯಿ ತೆರೆದು.

ಕೋಷ್ಟಕ ಮಾಡಿದ್ದೆ:
ಸ್ಟೈಪೆಂಡು, ಬಾಡಿಗೆ, ಹಲ್ಲಿಗೂ ವಿಮೆ ಇದೆಯೋ,
ಬೇಸಿಗೆಯ ಮೂರು ತಿಂಗಳ ಸಂಬಳ ಯಾರ ಲೆಕ್ಕಕ್ಕೆ,
ಪಟ್ಟಿಯಲ್ಲಿ ಎಷ್ಟನೆಯದು.
ಕೂಡಿಸಿದರೆ ದೊಡ್ಡ ಹೆಸರಿನ ಶಾಲೆ ಒಂಬತ್ತು ಅಂಕ ಮುಂದೆ.
ತೂಕ ಬದಲಿಸಿ ಮತ್ತೆ ಕೂಡಿಸಿದೆ,
ತಕ್ಕಡಿಗೆ ಹೆಬ್ಬೆರಳು ಒತ್ತುವ ಕಿರಾಣಿಯವನ ಹಾಗೆ.
ಆಗಲೂ ನಾಲ್ಕು ಮುಂದೆ.

ಹೋದ ವಾರ ಅಲ್ಲಿದ್ದೆ. ಸಮುದ್ರ ಕಾಣುವ ಊಟದ ಹಾಲು,
ಗಾಜಿನ ಲಿಫ್ಟು, ನನ್ನ ಹೆಸರು ಹಾಕಿಸಿದ ಚೀಲ.
ಪ್ರೊಫೆಸರು ಕಾಫಿ ತರಲು ಎದ್ದದ್ದೇ
ಲ್ಯಾಬಿನ ಹುಡುಗಿಯನ್ನು ಕೇಳಿದೆ, ದನಿ ಇಳಿಸಿ:
ಭಾನುವಾರವೂ ಫೋನ್ ಮಾಡುತ್ತಾರೆಯೇ?
ಅವಳು ಬಾಗಿಲು ನೋಡಿದಳು.
"ಇಲ್ಲಿ ತುಂಬ ಕಲಿಯುತ್ತೀಯ" ಅಂದಳು.

ಇಲ್ಲಿ ಕ್ವಾಬೆನಾ, ಘಾನಾದ ಚಿನ್ನದ ಊರು ತಾರ್ಕ್ವಾದವನು.
ಪಾಳಿ ಬದಲಾದರೆ ಅಲ್ಲೂ ಸೈರನ್ ಕೂಗುತ್ತಿತ್ತಂತೆ,
ಅವನವ್ವನೂ ಆ ಕೂಗಿಗೇ ಒಲೆ ಹಚ್ಚುತ್ತಿದ್ದಳಂತೆ.
ಇಬ್ಬರೂ ನಮ್ಮ ನಮ್ಮ ಸೈರನ್ ಕೂಗಿ ತೋರಿಸಿದೆವು,
ಪಕ್ಕದ ಕೋಣೆಯಿಂದ ಯಾರೋ ಇಣುಕುವ ತನಕ.
"ಭಾನುವಾರ ಮಾಡಲ್ಲ, ಶನಿವಾರ ಮಾಡ್ತಾರೆ.
ಚಳಿಗೆ ಮೂಗಿನೊಳಗಿನ ಕೂದಲೂ ಗಟ್ಟಿಯಾಗುತ್ತೆ.
ನನ್ನಂಥ ತಲೆಗೆ ಕ್ಷೌರ ಮಾಡುವವರು ಊರಲ್ಲಿಲ್ಲ,
ಎರಡು ಕನ್ನಡಿ ಇಟ್ಟು ನಾನೇ ಕಲಿತೆ."

ಆಮೇಲೆ ಗುಂಡಿ ತೋರಿಸಿದ.
ಕೆರೆಯೆಂದೇ ತಿಳಿದು ಇಳಿದ ಬಾತುಗಳು
ಮೇಲೇಳುವುದಿಲ್ಲ, ಅಷ್ಟು ಹುಳಿ ಆ ನೀರು.
ಅದಕ್ಕೇ ದಂಡೆಯಲ್ಲಿ ಆಳಿಟ್ಟು, ಸದ್ದು ಮಾಡಿ ಎಬ್ಬಿಸುತ್ತಾರೆ.
ನಮ್ಮಜ್ಜಿ ಜೋಳದ ಹೊಲದ ಮಂಚಿಕೆ ಹತ್ತಿ
ಕವಣೆ ಬೀಸುತ್ತಿದ್ದದ್ದು ತೆನೆ ಉಳಿಸಲು,
ಇಲ್ಲಿ ಹಕ್ಕಿಯನ್ನೇ ಉಳಿಸಲು.
ಇಂಥ ನೀರಿನಿಂದ ತಾಮ್ರ ತೆಗೆಯುವುದು
ಬಂದರೆ, ನನ್ನ ಐದು ವರ್ಷದ ಕೆಲಸ.
"ಮುಗಿಯುವಂಥದ್ದೇ?"
"ನಿನ್ನ ಥೀಸಿಸ್ ಮುಗಿಯುತ್ತೆ" ಅಂದ.

ಲ್ಯಾಬಿನ ಮೂಲೆಯಲ್ಲಿ, ಆಮ್ಲ ಸಿಡಿದರೆ ಕಣ್ಣು ತೊಳೆಯುವ ನಲ್ಲಿ.
ಅದಕ್ಕೆ ಕಟ್ಟಿದ ಚೀಟಿಯನ್ನು ಕೈ ತಾನೇ ತಿರುಗಿಸಿತು.
ಪ್ರತಿ ಸೋಮವಾರದ ತಾರೀಖು, ಪಕ್ಕದಲ್ಲಿ ಸಹಿ,
ಕ್ರಿಸ್‌ಮಸ್‌ ವಾರದ್ದೂ ಬಿಟ್ಟಿಲ್ಲ.
ಸಮುದ್ರದ ಊರಿನ ಚೀಟಿಯನ್ನೂ ತಿರುಗಿಸಿದ್ದೆ:
ಕೊನೆಯ ಸಹಿ, ಹಿಂದಿನದರ ಹಿಂದಿನ ಅಕ್ಟೋಬರ್.

ಅಪ್ಪ ವೈಂಡರ್ ಡ್ರೈವರು. ಪಂಜರದೊಳಗಿನ ಜನ
ಅವನಿಗೆ ಕಾಣುತ್ತಿರಲಿಲ್ಲ, ಗಂಟೆಯ ಸದ್ದು ಅಷ್ಟೆ.
ಒಮ್ಮೆ ಹಗ್ಗದ ಬುಕ್ಕಿನಲ್ಲಿ ಫೋರ್‌ಮನ್ ಸಹಿ ಇಲ್ಲವೆಂದು
ಇಡೀ ಪಾಳಿಯನ್ನು ಮೇಲೆಯೇ ನಿಲ್ಲಿಸಿ
ಅರ್ಧ ದಿನದ ಪಗಾರ ಕಳಕೊಂಡು ಬಂದ.
"ಸಹಿ ಇಲ್ಲಂದ್ರ ಹಗ್ಗಾನೂ ಇಲ್ಲಂತನ ಲೆಕ್ಕ" ಅಂದ,
ಅವ್ವ ಎರಡು ದಿನ ಮಾತು ಬಿಟ್ಟಳು.
ಇವತ್ತು ಫೋನಿನಲ್ಲಿ ಕೇಳಿದ್ದು ಇಷ್ಟೇ:
"ಅಲ್ಲಿ ಜ್ವಾಳದ ಹಿಟ್ಟು ಸಿಗತೈತೇನು?"
ಇಲ್ಲ. ಕೋಷ್ಟಕದಲ್ಲಿ ಅದೂ ಇರಲಿಲ್ಲ.

ಸಹಿ ಎಂದು ಹೊಸ ಅಂಕಣ ಎಳೆದೆ.
ಎಷ್ಟು ತೂಕ ಕೊಡಬೇಕೋ ತಿಳಿಯದೆ
ಮುಚ್ಚಿದೆ, ಕಾಗದ ತೆರೆದೆ.
ಖಾಲಿ ಜಾಗದಲ್ಲಿ ದೊಡ್ಡ ಹೆಸರನ್ನು ತುಂಬಿದೆ.
ಉದ್ದ ಹೆಸರು, ಸಾಲಿಗೆ ಹಿಡಿಸದೆ ಕೆಳಗಿಳಿಯಿತು.
ಬೆಳಿಗ್ಗೆ ಕಳಿಸಬೇಕು.
ಬೂಟಿನ ಅಂಗಡಿ ಎಷ್ಟಕ್ಕೆ ತೆರೆಯುತ್ತದೋ
ಕ್ವಾಬೆನಾನನ್ನು ಕೇಳಬೇಕು.